ತುಕಿನಾ ಸುಮ್ಮನಾಗುವ ಜಾಗ

ಕಾಂಗ್ ಪಾರ್ಜಿಯೊ, ಅಂದರೆ ನಮ್ಮ ಪಾರ್ಜಿಯೊ ಅಣ್ಣ, ಮಾತು ಕಡಿಮೆಯ ಮನುಷ್ಯ. ಹೇಳಬೇಕಾದ್ದನ್ನೆಲ್ಲ ಹೆಂಡತಿ ತುಕಿನಾ ಹಾಡಿ ಮುಗಿಸುತ್ತಿದ್ದಳು. ಇವನು ಪಕ್ಕದಲ್ಲಿ ಕೂತು ಗೆಂಡೆರ್ ವಾದ್ಯದ ಕಂಚಿನ ಪಟ್ಟಿಗಳ ಮೇಲೆ ಮೆತ್ತಗೆ ಕೋಲಾಡಿಸುತ್ತಿದ್ದ. ಜಾವಾದ ಸ್ರಾಗೆನ್ ಸುತ್ತಲಿನ ಹಳ್ಳಿಗಳಲ್ಲಿ ತೊಗಲುಗೊಂಬೆಯಾಟವೆಂದರೆ ಈ ಗಂಡಹೆಂಡತಿ ಇರಲೇಬೇಕಿತ್ತು. ನಾನು ಅದೇ ಮೇಳದ ಮದ್ದಳೆಯವನು. ಅವರು ಜಗಳವಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ, ತುಕಿನಾ ಶ್ರುತಿ ತಪ್ಪಿದ್ದನ್ನು ಮಾತ್ರ ಕೇಳಿಲ್ಲ.

ತುಕಿನಾಳ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಮಗಳು ರೆತ್ನೊ ಇನ್ನೂ ಚಿಕ್ಕವಳು. "ಇವಳು ದೊಡ್ಡೋಳಾಗೋವರೆಗೆ ನಾನಿರಲ್ಲ. ಹಾಡಾದ್ರೂ ಇರ್ಲಿ" ಎಂದು ತುಕಿನಾ ಒಂದು ಕ್ಯಾಸೆಟ್ ತುಂಬಿಸಿದಳು. ಮನೆಯ ಗೆಂಡೆರ್‌ನಿಂದ ಶ್ರುತಿ ಹಿಡಿದು ಒಬ್ಬಳೇ ಹಾಡಿದಳು. ಗೆಂಡೆರ್ ಬರಬೇಕಾದ ಕಡೆಯೆಲ್ಲ ಸುಮ್ಮನಾದಳು. ಮಗಳು ಕಲಿಯುವಾಗ ಅಲ್ಲಿ ಅಪ್ಪ ನುಡಿಸಲಿ ಎಂದು.

ಅವಳು ಹೋದಮೇಲೆ ಪಾರ್ಜಿಯೊ ಸಂಜೆ ಸಿಹಿ ಚಹಾ ಕುಡಿದು ಕ್ಯಾಸೆಟ್ ಹಾಕಿಕೊಂಡು ಕೂರುವುದು ರೂಢಿಯಾಯಿತು. ಅವಳು ಹಾಡಿ ನಿಲ್ಲುವಳು, ಇವನು ನುಡಿಸುವನು. ಬ್ಯಾಟರಿ ಇಳಿದು ದನಿ ಎಳೆದರೆ, "ನಿದ್ದೆ ಬಂತೇನೆ?" ಎಂದು ಗದರುವನು.

ಆಮೇಲೆ ಕೀಬೋರ್ಡ್ ಬಂತು. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆ ಮನೆಯವರಿಗೆ ಕುಣಿಯುವ ದಾಂಗ್ದುತ್ ಹಾಡೂ ಬೇಕು, ನಡುವೆ ಚೂರು ನಮ್ಮ ಗಮೆಲಾನ್ ಕಂಚುವಾದ್ಯಗಳ ಸದ್ದೂ ಬೇಕು. ದೊಡ್ಡವಳಾದ ರೆತ್ನೊ ಅಂಥದೊಂದು ಕೀಬೋರ್ಡ್ ಮೇಳಕ್ಕೆ ಹಾಡಲು ಹೋದಾಗ ಯಜಮಾನ ಹೇಳಿದ, "ನಿಮ್ಮಪ್ಪನ ಗೆಂಡೆರ್ ಕೀಬೋರ್ಡಿಗೆ ಹೊಂದಿಸಿ, ಇಬ್ಬರೂ ಬನ್ನಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಮನೆಮನೆಯ ಸಂಬಲ್ ಚಟ್ನಿಯ ಹಾಗೆ ಒಂದೊಂದು ಗಮೆಲಾನಿಗೂ ಅದರದೇ ಶ್ರುತಿ. ಕೀಬೋರ್ಡ್ ಬಗ್ಗುವುದಿಲ್ಲ, ಕಂಚನ್ನೇ ಅರದಿಂದ ಉಜ್ಜಬೇಕು. ಉಜ್ಜಿದ ಕಂಚು ಮತ್ತೆ ಬೆಳೆಯುವುದಿಲ್ಲ.

"ಬೇಡಪ್ಪ, ನಾನು ಬಟ್ಟೆ ಫ್ಯಾಕ್ಟರಿಗೆ ಹೋಗ್ತೀನಿ" ಎಂದಳು ರೆತ್ನೊ.

"ನಿಮ್ಮಮ್ಮ ಸಾಯ್ತಾ ಹಾಡಿದ್ದು ನೀನು ಗುಂಡಿ ಹೊಲೀಲಿ ಅಂತಲ್ಲ."

ನಾನು ಅವನನ್ನು ಹಿತ್ತಲಿಗೆ ಕರೆದೆ. "ಕಾಂಗ್, ಆ ಕ್ಯಾಸೆಟ್ ಗತಿ ಏನು? ಅದು ಹಳೇ ಶ್ರುತೀದು."

"ಸತ್ತೋಳಿಗೆ ಹಸಿವಾಗಲ್ಲ ಕಣೋ" ಎಂದು ಲವಂಗದ ಸಿಗರೇಟು ಹಚ್ಚಿದ. ಅರದವನು ಬರುವ ಹಿಂದಿನ ಸಂಜೆ ಕ್ಯಾಸೆಟ್ಟಿನ ಎರಡೂ ಬದಿ ಮುಗಿಯುವತನಕ ನುಡಿಸಿದ. ನಾನು ಅಂಗಳದಲ್ಲೇ ಕೂತಿದ್ದೆ, ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಹಾಡಲು ಹೋದ ಮೊದಲ ಮದುವೆಯಲ್ಲೇ ರೆತ್ನೊ ಜನರನ್ನು ಗೆದ್ದಳು. ಕುಣಿಸಿದ ಮೇಲೆ ತಾಯಿಯ ಹಾಡೊಂದನ್ನೂ ಹಾಡಿದಳು. ಗೆಂಡೆರ್ ಕೀಬೋರ್ಡಿನ ಜೊತೆ ಚೆನ್ನಾಗಿಯೇ ಹೊಂದಿತು. ಪಾರ್ಜಿಯೊ ಮಗಳನ್ನು ನೋಡಿ ನಕ್ಕ. ಮೇಳಕ್ಕೆ ಕರೆಯ ಮೇಲೆ ಕರೆ ಬಂದವು.

ಕೆಲವು ತಿಂಗಳ ನಂತರ ನಾನು ಹೋದಾಗ ಅವನು ಗೆಂಡೆರ್ ಮುಂದೆ ಕೂತಿದ್ದ. ಕ್ಯಾಸೆಟ್ ತಿರುಗುತ್ತಿತ್ತು. ತುಕಿನಾ ಹಾಡಿ ನಿಂತಳು. ಇವನು ಕೋಲು ಆಡಿಸಿದ. ಅವಳು ಮತ್ತೆ ದನಿ ಎತ್ತಿದಾಗ ಎರಡೂ ಶ್ರುತಿ ಸೇರಲಿಲ್ಲ.

"ಕೇಳಿದ್ಯಾ? ಜನ್ಮದಲ್ಲಿ ಶ್ರುತಿ ತಪ್ಪದೋಳು, ಈಗ ಅವಳೇ ತಪ್ಪಿದ ಹಾಗೆ ಕೇಳಿಸ್ತಾಳೆ" ಎಂದ. "ಅವಳಿಗೆ ಈ ಅವಮಾನ ನಾನು ಮಾಡಬಾರದು."

ಕೋಲುಗಳನ್ನು ಕೆಳಗಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ಕ್ಯಾಸೆಟ್ ನಿಲ್ಲಿಸಲಿಲ್ಲ. ತುಕಿನಾ ಹಾಡುತ್ತ ಮುಂದಿನ ಜಾಗಕ್ಕೆ ಬಂದು ಅವನಿಗಾಗಿ ಸುಮ್ಮನಾದಳು. ಇವನೂ ಸುಮ್ಮನಿದ್ದ. ಅವಳು ಮುಂದಕ್ಕೆ ಹಾಡಿದಳು.