ಭಾವೀ ಮಾವನವರಿಗೆ ಸಿಗದ ಹೋಳಿಗೆ

ನಾಲ್ಕು ವರ್ಷದ ಹಿಂದಿನ ಬೇಸಿಗೆ, ಮದುವೆ ಸೀಸನ್. ಶಿರಾಳಕೊಪ್ಪದಲ್ಲಿ ನಮ್ಮದು ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿ. ಕುರ್ಚಿ, ಪಾತ್ರೆಗಳ ಬಾಡಿಗೆ ಅಪ್ಪನದು. ನಾನು ಮೊಬೈಲ್‌ನಲ್ಲಿ ವಿಡಿಯೋ ನೋಡಿ ನೋಡಿ ಡಿಜೆ ಕಲಿತಿದ್ದೆ.

ಡಿಜೆ ಎಂದರೆ ವಾಲ್ಯೂಮ್ ಏರಿಸುವವನು ಎಂದೇ ಜನರ ಎಣಿಕೆ. ಇದನ್ನು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಜವಾದ ಕೆಲಸ ಇರುವುದು ಒಂದು ಹಾಡಿನಿಂದ ಇನ್ನೊಂದಕ್ಕೆ ಯಾರಿಗೂ ಗೊತ್ತಾಗದಂತೆ ದಾಟಿಸುವುದರಲ್ಲಿ. ಎರಡೂ ಹಾಡುಗಳ ವೇಗ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬುದು, ಒಂದಾಗಬೇಕು. ಶ್ರುತಿಯೂ ಹೊಂದಬೇಕು. ನನ್ನ ಲ್ಯಾಪ್‌ಟಾಪ್ ಶ್ರುತಿಗಳನ್ನು ಗಡಿಯಾರದ ಅಂಕಿಗಳ ಹಾಗೆ ಸುತ್ತ ಜೋಡಿಸಿ ತೋರಿಸುತ್ತದೆ. ಐದರ ಹಾಡಾದ ಮೇಲೆ ನಾಲ್ಕರದೋ ಆರರದೋ ಹಾಕಿದರೆ ಹಿತವಾಗಿ ಬೆರೆಯುತ್ತದೆ. ಹನ್ನೊಂದರದು ಹಾಕಿದರೆ ಮಾತುಬಿಟ್ಟ ದಾಯಾದಿಗಳನ್ನು ಅಕ್ಕಪಕ್ಕ ಊಟಕ್ಕೆ ಕೂರಿಸಿದ ಹಾಗೆ.

ಸೊರಬದ ಸುಮಾ ಮತ್ತು ನಾನು ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದೆವು. ಅವಳ ತಂದೆ ಶಿವಾನಂದಪ್ಪನವರು ನಿವೃತ್ತ ಪೋಸ್ಟ್‌ಮ್ಯಾನ್. "ಎದೆ ನಡುಗಿಸೋ ಡಬ್ಬಿ ಇಟ್ಕೊಂಡೋನಿಗೆ ಮಗಳನ್ನ ಕೊಡೋದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಸುಮಾ ಬಿಡಲಿಲ್ಲ. ಸೊರಬದಲ್ಲಿ ನಡೆಯಲಿದ್ದ ತನ್ನ ಚಿಕ್ಕಪ್ಪನ ಮಗಳ ಮದುವೆಗೆ ನನ್ನನ್ನೇ ಗೊತ್ತು ಮಾಡಿಸಿದಳು. "ಅಪ್ಪ ಅವತ್ತು ನಿನ್ನನ್ನ ನೋಡ್ತಾರೆ. ಮರ್ಯಾದೆಯಾಗಿ ನಡ್ಕೋ ಮಾರಾಯ" ಎಂದಳು.

ಮಧ್ಯಾಹ್ನ ಊಟದ ಹಾಲ್‌ನ ಮೂಲೆಯಲ್ಲಿ ಕುಳಿತು, ಮಾತಿಲ್ಲದ ಮೆಲು ಎಲೆಕ್ಟ್ರಾನಿಕ್ ಸಂಗೀತ ಹಾಕಿದೆ. ವೇಗ ಎಂಬತ್ತೆಂಟು. ಮೊದಲ ಪಂಕ್ತಿಯಲ್ಲಿ ಶಿವಾನಂದಪ್ಪನವರು ಶರಟಿನ ತೋಳು ಮಡಚಿ, ಎಲೆಗೆ ನೀರು ಚಿಮುಕಿಸಿ, ಕೋಸಂಬರಿಯಿಂದ ಶುರು ಮಾಡಿದರು. ನನ್ನ ಕಡೆ ನೋಡಿ ತಲೆಯನ್ನೂ ಆಡಿಸಿದರು. ನನಗೆ ಸ್ವರ್ಗ ಮೂರೇ ಗೇಣು.

ಆಗ ಬಂದ ಅಡಿಗೆ ಕಂಟ್ರಾಕ್ಟರ್ ಈರಣ್ಣ. ನಮ್ಮೂರಿನವನೇ, ಅಪ್ಪನ ಗೆಳೆಯ. ಬೆವರಿನಲ್ಲಿ ಸ್ನಾನ ಮಾಡಿದ್ದ. ಎಣಿಸಿದ್ದಕ್ಕಿಂತ ಹೆಚ್ಚು ಜನ ಸೇರಿದ್ದರು. ಊಟ ಮಾಡುತ್ತಿದ್ದವರ ಪ್ರತಿ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಯವರು ನಿಂತಿದ್ದರು.

"ತಮ್ಮಾ, ಇವ್ರು ಹಿಂಗ ಉಂಡ್ರ ಮೂರನೇ ಪಂಕ್ತಿ ಸಂಜೀಗೆ ಕುಂದ್ರತೈತಿ. ಎದ್ದೇಳ್ರೀ ಅನ್ನಾಕ ಬರ್ತದೇನು? ನಿನ್ನ ಮಷಿನ್ನಾಗ ಏನಾರ ಮಾಡು."

ನನಗೆ ವಿದ್ಯೆ ತೋರಿಸುವ ಹುಚ್ಚು. ಒಂದೊಂದು ಹಾಡಿಗೆ ನಾಲ್ಕೈದು ಬಡಿತ ಏರಿಸುತ್ತ ಹೋದೆ. ಶ್ರುತಿಯಲ್ಲಿ ಮಾತ್ರ ಪಕ್ಕದ ಅಂಕಿ ಬಿಟ್ಟು ಆಚೆ ಹೋಗಲಿಲ್ಲ, ವಾಲ್ಯೂಮ್ ಕೂದಲೆಳೆಯಷ್ಟೂ ಏರಿಸಲಿಲ್ಲ. ಯಾರೂ ತಲೆ ಎತ್ತಲಿಲ್ಲ. ಆದರೆ ನೂರು ದಾಟುತ್ತಿದ್ದಂತೆ ಸಾರಿನ ಬಕೆಟ್ಟಿನವನ ಸೌಟು ತಾಳಕ್ಕೆ ಸರಿಯಾಗಿ ಏಳತೊಡಗಿತು. ನೂರಾಹತ್ತಕ್ಕೆ ಹಪ್ಪಳಗಳು ಒಟ್ಟಿಗೆ ಮುರಿದವು. ನೂರಾಇಪ್ಪತ್ತಕ್ಕೆ ಬಡಿಸುವವರು ಓಡುತ್ತಿದ್ದರು, ಉಣ್ಣುವವರು ಅಟ್ಟಿಸಿಕೊಂಡು ಬಂದವರಂತೆ ನುಂಗುತ್ತಿದ್ದರು. ಇಡೀ ಪಂಕ್ತಿ ದಡಬಡ ಎದ್ದಿತು. ಈರಣ್ಣ ದೂರದಿಂದಲೇ ಕೈ ಮುಗಿದ. ನಾನು ಕಾಲರ್ ಸರಿಮಾಡಿಕೊಂಡೆ.

ಅಷ್ಟರಲ್ಲಿ ಮೊಬೈಲ್‌ಗೆ ಸುಮಾಳ ಮೆಸೇಜ್ ಬಂತು: "ಅಪ್ಪಂಗೆ ಹೋಳಿಗೆ ಸಿಗಲಿಲ್ಲ."

ಆಮೇಲೆ ತಿಳಿದದ್ದು ಇಷ್ಟು. ಅವರು ಪಲ್ಯ ಮುಗಿಸಿ ಕೈ ಎತ್ತುವಷ್ಟರಲ್ಲಿ ಹೋಳಿಗೆಯವನು ಸಾಲಿನ ಕೊನೆ ಮುಟ್ಟಿದ್ದ. ಎಲೆಗೆ ಅನ್ನ ಬಿತ್ತು, ಅದರ ಮೇಲೆ ಸಾರು, ಅದರ ಹಿಂದೆಯೇ ಮಜ್ಜಿಗೆ. ಪಂಕ್ತಿಯೆಲ್ಲ ಎದ್ದ ಮೇಲೆ ಒಬ್ಬರೇ ಕೂರುವುದು ಹೇಗೆ? ಎದ್ದುಬಿಟ್ಟಿದ್ದರು.

ಕೈ ಒರೆಸಿಕೊಳ್ಳುತ್ತ ನೇರ ನನ್ನ ಟೇಬಲ್ಲಿಗೇ ಬಂದರು.

"ಕಾಲ ಓಡಿಸಿದ್ದು ನೀನೇನಾ?"

ಕಂಪ್ಯೂಟರೇ ಮಾಡಿತು ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಅವರ ಮುಖ ನೋಡಿ ಸುಳ್ಳು ಹೊರಡಲಿಲ್ಲ. "ಹೌದು ಸರ್, ನಾನೇ. ತಪ್ಪಾಯ್ತು" ಎಂದೆ.

"ನಲವತ್ತು ವರ್ಷ ಭಜನೆಗೆ ಹಾರ್ಮೋನಿಯಂ ನುಡಿಸಿದೀನಿ ಮಾರಾಯ. ಹಾಡು ಬದಲಾಗ್ತಾ ಇತ್ತು, ಶ್ರುತಿ ಅಲುಗಾಡಲಿಲ್ಲ. ಅದಕ್ಕೇ ಮೋಸ ಹೋದೆ. ಸಾರನ್ನ ಕಲಸೋವಾಗ ಗೊತ್ತಾಯ್ತು, ಕೈ ನನ್ನ ಮಾತು ಕೇಳ್ತಿಲ್ಲ ಅಂತ." ಲ್ಯಾಪ್‌ಟಾಪ್ ಪರದೆಯತ್ತ ಬೆರಳು ತೋರಿಸಿದರು. "ಕೊನೇ ಪಂಕ್ತೀಲಿ ಮತ್ತೆ ಕೂರ್ತೀನಿ. ಓಡಿಸೋಕೆ ಬಂದೋನಿಗೆ ನಿಲ್ಸೋಕೂ ಬರಬೇಕು."

ಏರಿಸುವುದು ಸುಲಭ, ಗೊತ್ತಾಗದಂತೆ ಇಳಿಸುವುದು ಕಷ್ಟ. ಕೊನೆಯ ಪಂಕ್ತಿ ಕೂತಿತು. ವೇಗಕ್ಕಾಗಿ ಪರದೆ ನೋಡುವುದನ್ನು ಬಿಟ್ಟು ಅವರ ದವಡೆಯನ್ನೇ ನೋಡತೊಡಗಿದೆ. ನೂರು, ತೊಂಬತ್ತು, ಎಂಬತ್ತು... ಎಪ್ಪತ್ತೆರಡಕ್ಕೆ ದವಡೆಯೂ ತಾಳವೂ ಒಂದಾದವು. ಹೋಳಿಗೆ ಬಂತು. ಮೇಲೆ ತುಪ್ಪ ಬಂತು. ಅವರು ಕಣ್ಣು ಮುಚ್ಚಿ ಮೂರು ಹೋಳಿಗೆ ತಿಂದರು. ಆ ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಅಷ್ಟೇ ನಿಧಾನವಾಗಿ ತಿಂದರು. ಬಡಿಸುವವನೊಬ್ಬ ಕಂಬಕ್ಕೆ ಒರಗಿ ತೂಕಡಿಸಿದ. ಅಡಿಗೆಮನೆ ಬಾಗಿಲಲ್ಲಿ ಈರಣ್ಣ ನನ್ನತ್ತ ಸೌಟು ಝಳಪಿಸುತ್ತಿದ್ದ.

ವಾರ ಬಿಟ್ಟು ಸುಮಾ ಅಪ್ಪನ ತೀರ್ಪು ತಿಳಿಸಿದಳು: "ಹುಡುಗನ ಕಿವಿ ಚೆನ್ನಾಗಿದೆ. ಆತುರ ಜಾಸ್ತಿ. ಅದು ಇಳೀಲಿ, ನೋಡೋಣ." ಇಳಿಯಲು ಎಂಟು ತಿಂಗಳು ಹಿಡಿಯಿತು.

ನಮ್ಮ ಮದುವೆಯಲ್ಲಿ ಊಟದ ಹಾಲ್‌ಗೆ ಸ್ಪೀಕರ್ ಇಡಕೂಡದು ಎಂಬುದೊಂದೇ ಮಾವನವರ ಷರತ್ತು. ಅವತ್ತು ಅವರೇ ತಟ್ಟೆ ಹಿಡಿದು ಬಂದು ನನ್ನ ಎಲೆಗೆ ಹೋಳಿಗೆ ಬಡಿಸಿದರು. "ನಿಧಾನಕ್ಕೆ ತಿನ್ನಪ್ಪ. ಹಿಂದೆ ಯಾರೂ ನಿಂತಿಲ್ಲ" ಎಂದರು. ನನ್ನ ಕಣ್ಣು ತುಂಬಿತು. ಈಗಲೂ ಯಾರದೇ ಮದುವೆಯಲ್ಲಿ ಊಟದ ಹೊತ್ತಿಗೆ ಎಪ್ಪತ್ತೆರಡಕ್ಕಿಂತ ಮೇಲೆ ಹೋಗಲು ನನಗೆ ಕೈ ಬರುವುದಿಲ್ಲ.

ಅಂದಹಾಗೆ, ಅವತ್ತು ಕಣ್ಣೊರೆಸಿಕೊಂಡು ಹಿಂದೆ ತಿರುಗಿದೆ. ನನ್ನ ಕುರ್ಚಿಯ ಬೆನ್ನು ಹಿಡಿದು ಈರಣ್ಣ ನಿಂತಿದ್ದ.