ಕಾಂಕ್ರೀಟ್ ಒಡೆಯುವ ಕೋಣೆ

ತೊಂಬತ್ತೊಂದರ ಬೇಸಿಗೆ ಕಳೆಯುವ ಹೊತ್ತಿಗೆ ನಾನು ಕುವೈತ್‌ಗೆ ಒಬ್ಬಳೇ ಮರಳಿದೆ. ಗಂಡನಿಗೆ ಅವರ ಬ್ಯಾಂಕಿನಿಂದ ಕರೆ ಬಂದಿರಲಿಲ್ಲ. ಮಗಳೊಂದಿಗೆ ಮೈಸೂರಿನಲ್ಲೇ ಉಳಿದರು. ನನ್ನನ್ನು ವಿಶ್ವವಿದ್ಯಾಲಯ ಕರೆದಿತ್ತು. ಅಲ್ಲಿನ ಸಿವಿಲ್ ಪ್ರಯೋಗಾಲಯದಲ್ಲಿ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವುದು, ಅದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ನನ್ನ ಕೆಲಸ.

ಯುದ್ಧಕ್ಕೆ ಮುಂಚೆ ಆ ಕೋಣೆಯಲ್ಲಿ ಪುರುಸೊತ್ತೆಂಬುದೇ ಇರಲಿಲ್ಲ. ಶುಐಬಾದ ಕಾರ್ಖಾನೆಗಳ ಅಡಿಪಾಯದಿಂದ ಹಿಡಿದು ಫಹಾಹೀಲ್‌ನ ಅಂಗಡಿ ಕಟ್ಟಡಗಳವರೆಗೆ ಎಲ್ಲದರ ಕಾಂಕ್ರೀಟ್ ತುಂಡುಗಳೂ ನಮ್ಮಲ್ಲಿಗೆ ಬರುತ್ತಿದ್ದವು. ಉಪ್ಪು ಗಾಳಿಯ ಊರು, ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಯಾವ ಮಿಶ್ರಣ ಬಾಳುತ್ತದೆ ಎಂದು ಕಂಟ್ರಾಕ್ಟರರು ನಮ್ಮ ಮುಖ್ಯಸ್ಥರನ್ನು ಕೇಳಿಯೇ ಮುಂದುವರಿಯುತ್ತಿದ್ದರು. ಅವರು ಪ್ಯಾಲೆಸ್ತೀನಿನವರು, ಎಲ್ಲರಿಗೂ 'ಡಾಕ್ಟರ್'. ನಮ್ಮಲ್ಲಿ ಕಲಿತು ಎಂಜಿನಿಯರುಗಳಾದವರು ತುಂಡುಗಳನ್ನು ತಂದಾಗಲೂ ಅವರೆದುರು ವಿದ್ಯಾರ್ಥಿಗಳಂತೆಯೇ ನಿಲ್ಲುತ್ತಿದ್ದರು.

ಈಗ ಊರಿಗೆ ನುಗ್ಗಿದ್ದ ಶತ್ರು ಸೈನಿಕರಿಂದ ಕೋಣೆ ಲೂಟಿಯಾಗಿತ್ತು. ಮೂಲೆಯಲ್ಲಿ ಕೆಟ್ಟು ಕೂತಿದ್ದ ಹಳೆಯ ಯಂತ್ರವೊಂದನ್ನು ಮಾತ್ರ, ಭಾರಕ್ಕೋ ಏನೋ, ಬಿಟ್ಟುಹೋಗಿದ್ದರು. ಕಾಂಕ್ರೀಟನ್ನು ಒತ್ತಿ ಒಡೆದು ನೋಡುವ ಯಂತ್ರ ಅದು. ಪ್ಯಾಲೆಸ್ತೀನಿನವರು ಶತ್ರುವಿನ ಪರ ನಿಂತರೆಂಬ ಸಿಟ್ಟು ಇಲ್ಲಿತ್ತು, ಹಾಗಾಗಿ ಡಾಕ್ಟರ್‌ಗೆ ಮರಳಲು ಅನುಮತಿ ಸಿಗಲಿಲ್ಲ; ಜೋರ್ಡಾನಿನಲ್ಲಿದ್ದರು. ಎಣ್ಣೆ ಬಾವಿಗಳ ಹೊಗೆ ಇತ್ತ ತಿರುಗಿದರೆ ನಡುಹಗಲಲ್ಲೂ ದೀಪ ಬೇಕಾಗುತ್ತಿತ್ತು. ಊಟದ ಡಬ್ಬಿ ಬಿಚ್ಚಿದರೆ ಎದುರಿಗೆ ಯಾರೂ ಇಲ್ಲ.

ಹಾಳಾದ ಊರನ್ನು ಮತ್ತೆ ಕಟ್ಟುವವರು ಬಂದು ಬಾಗಿಲಲ್ಲಿ ಇಣುಕುತ್ತಿದ್ದರು. ಪರೀಕ್ಷೆಗೆ ದುಬೈಗೇ ಕಳಿಸುತ್ತೇವೆ ಎಂದು ಹೊರಡುತ್ತಿದ್ದರು. ಹೀಗಾದರೆ ನಮ್ಮ ವಿದ್ಯಾರ್ಥಿಗಳು ಕಲಿಯುವುದು ಯಾವುದರಲ್ಲಿ? ನನಗೆ ತಡೆಯಲಾಗಲಿಲ್ಲ. ಶುವೈಖ್‌ನಲ್ಲಿ ಗ್ಯಾರೇಜು ಇಟ್ಟಿದ್ದ ಬಂಟ್ವಾಳ ಕಡೆಯ ಬ್ಯಾರಿ ಒಬ್ಬರನ್ನು ಕರೆತಂದೆ. ಅವರು ಯಂತ್ರ ಬಿಚ್ಚಿ ನೋಡಿದರು.

"ಪಂಪಿನ ಸೀಲ್ ಹೋಗಿದೆ ಮೇಡಂ. ಬೇರೆ ಹಾಕಿ ಕೊಡ್ತೇನೆ. ಆದ್ರೆ ಮುಳ್ಳು ತೋರಿಸುವ ಲೆಕ್ಕ ಸರಿ ಉಂಟಾ ಅಂತ ನೀವೇ ನೋಡ್ಬೇಕು."

ನೋಡಿದೆ. ತಿದ್ದಿ ತಿದ್ದಿ ಸಾಕಾಯಿತು. ಕೊನೆಗೊಂದು ಮಧ್ಯಾಹ್ನ ಕಾಂಕ್ರೀಟ್ ತುಂಡೊಂದು ಒಡೆಯಬೇಕಾದ ಹಾಗೆಯೇ, ಅಂಚುಗಳು ಸಿಡಿದು, ಒಡೆಯಿತು. "ನೋಡಿದಿರಾ ಡಾಕ್ಟರ್" ಎನ್ನುತ್ತ ತಿರುಗಿದೆ. ಹಿಂದೆ ಬರೀ ಗೋಡೆ.

ಆ ಸಂಜೆ ಅವರಿಗೆ ಫೋನ್ ಮಾಡಿದೆ. ಮಿಶ್ರಣ ಯಾವುದು, ಎಷ್ಟು ಭಾರ ತಡೆಯಿತು ಎಂದೆಲ್ಲ ವಿಚಾರಿಸಿದರು.

"ನನ್ನ ಕುರ್ಚಿಯಲ್ಲಿ ಯಾರಿದ್ದಾರೆ?" ಎಂದರು.

"ಯಾರೂ ಇಲ್ಲ."

"ಹಾಗಾದರೆ ನೀವು ಕೂತುಕೊಳ್ಳಿ. ಖಾಲಿ ಕುರ್ಚಿ ನೋಡಿದರೆ ಕೇಳಲು ಬಂದವರು ವಾಪಸು ಹೋಗುತ್ತಾರೆ."

ಮರುದಿನ ಕೂತೆ. ಕಂಟ್ರಾಕ್ಟರರು ಒಬ್ಬೊಬ್ಬರಾಗಿ ಬರತೊಡಗಿದರು. ಪರೀಕ್ಷೆ ಮಾಡುವುದನ್ನು ನೋಡಲು ವಿದ್ಯಾರ್ಥಿಗಳು ಸುತ್ತ ನಿಂತರು. ಗಂಡ, ಮಗಳು ಬರುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಶುಕ್ರವಾರದ ರಜೆಯಲ್ಲೂ ಕೆಲಸವಿದೆ ಎಂದು ಕಾವಲುಗಾರನಿಗೆ ಹೇಳಿ ಪ್ರಯೋಗಾಲಯದ ಬೀಗ ತೆಗೆಸುತ್ತಿದ್ದೆ. ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.