ಇಬ್ಬರು ಬೀಗರು, ಒಂದು ಪೈಪು

ಕೊಲ್ಹಾಪುರ ಕಡೆಯ ಶಹಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಕೂಡಿಸಿದ ವರ್ಷ, ಚಳಿ ಬೀಳುವವರೆಗೂ ಎಲ್ಲರೂ ಅದನ್ನು ಹೊಗಳಿದರು. ಚಳಿ ಬಿದ್ದ ಮೇಲೆ ನನ್ನ ಅತ್ತೆ ಹೊಗಳುವುದನ್ನು ನಿಲ್ಲಿಸಿದರು. ಬಸದಿಗೆ ಹೋಗಬೇಕೆಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನ ಮಾಡುವವರು ಅವರು. ಮೇಲಿನ ಟಾಕಿಯಲ್ಲಿ ನೀರು ಕೈ ಸುಡುವಷ್ಟು ಬಿಸಿ ಇರುತ್ತಿತ್ತು. ಅದನ್ನು ಬಚ್ಚಲಿಗೆ ತರುವ ಉದ್ದನೆಯ ಕಬ್ಬಿಣದ ಪೈಪು ಮಾತ್ರ ಬರಿ ಮೈಯಲ್ಲಿ ಗಾಳಿಗೆ ಬಿದ್ದಿತ್ತು. ನಳ ತಿರುವಿದರೆ ಬಕೀಟು ತುಂಬುವ ತನಕ ತಣ್ಣೀರೇ.

ಪೈಪಿಗೆ ರಬ್ಬರ್ ಸ್ಪಂಜಿನ ಕೊಳವೆ ತೊಡಿಸಿರಿ ಎಂದು ಹೀಟರ್ ಕೂಡಿಸಿದ ಮಿಸ್ತ್ರಿ ಹೇಳಿಯೇ ಹೋಗಿದ್ದ. ಮಾವ ಆಮೇಲೆ ನೋಡೋಣ ಎಂದು ಬಿಟ್ಟಿದ್ದರು. ಅತ್ತೆ ಒಂದು ದಿನ ಊಟಕ್ಕೆ ಬಡಿಸುತ್ತ ಮಾತಾಡುವುದನ್ನೇ ನಿಲ್ಲಿಸಿದ್ದರಿಂದ ಆ 'ಆಮೇಲೆ' ಬೇಗ ಬಂತು.

ಅದೇ ಹೊತ್ತಿಗೆ ಗಡಹಿಂಗ್ಲಜದಿಂದ ನನ್ನ ಅಪ್ಪ ನಾಲ್ಕು ದಿನ ಇರಲು ಬಂದರು. ಅಪ್ಪ ಕಬ್ಬು ಬೆಳೆಯುವವರು, ಬಾವಿಯಿಂದ ಹೊಲಕ್ಕೆ ಪೈಪ್‌ಲೈನ್ ಹಾಕಿಸಿದವರು. ಮಾವ ಮಗ್ಗಗಳ ನಡುವೆ ಕೂದಲು ಬೆಳ್ಳಗಾಗಿಸಿಕೊಂಡವರು, ಬಟ್ಟೆ ಅಳೆಯುವ ಟೇಪು ಇವತ್ತಿಗೂ ಅವರ ಕಿಸೆಯಲ್ಲಿರುತ್ತದೆ. ಇಬ್ಬರೂ ಮಾಳಿಗೆಗೆ ಹೋದರು. ಚಹಾ ಕೊಡುವ ನೆವದಿಂದ ನಾನೂ ಹೋದೆ.

ಮಾವ ಪೈಪಿನ ಸುತ್ತ ಟೇಪು ಸುತ್ತಿ, ಕನ್ನಡಕ ಏರಿಸಿ, ನಾಲ್ಕು ಇಂಚು ಎಂದರು. ಅಪ್ಪ ಪೈಪನ್ನು ಮುಟ್ಟಲೂ ಇಲ್ಲ, ದೂರದಿಂದಲೇ ನೋಡಿ, ಇದು ಒಂದು ಇಂಚಿನ ಪೈಪು ಎಂದರು. ಆಮೇಲೆ ಇಬ್ಬರೂ ಗಾಬರಿಯಾದರು. ಬೀಗರ ಮಾತು ತಪ್ಪು ಎನ್ನುವುದು ಹೇಗೆ?

"ಟೇಪ್ ನಿಮ್ಮ ಕೈಯಾಗ ಐತಿ, ನೀವ ಹೇಳಿದ್ದ ಖರೆ ಇರಬೇಕ್ರಿ ಬೀಗರ," ಎಂದರು ಅಪ್ಪ.

"ಇಲ್ರಿ, ಪೈಪಿನ ವಿಚಾರ ನಿಮಗ ಗೊತ್ತು. ನಮದೇನಿದ್ರೂ ಅರಿಬಿ ಲೆಕ್ಕಾ," ಎಂದರು ಮಾವ.

ಮರುದಿನ ಇಬ್ಬರೂ ಕೊಲ್ಹಾಪುರಕ್ಕೆ ಹೊರಟರು. ಅವರ ಮೇಲೆ ಒಂದು ಕಣ್ಣಿಡು ಎಂದು ಅತ್ತೆ ನನ್ನನ್ನೂ ಜೊತೆಗೆ ಕಳಿಸಿದರು. ಅಂಗಡಿಯವನು ಅಳತೆ ಎಷ್ಟು ಎಂದು ಮರಾಠಿಯಲ್ಲಿ ಕೇಳಿದ. ಆಗ ಆದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಮಾವನ ಮಾನ ಉಳಿಸಲು ಅಪ್ಪ ನಾಲ್ಕು ಇಂಚು ಎಂದರು. ಅಪ್ಪನ ಮಾನ ಉಳಿಸಲು ಮಾವ ಒಂದು ಇಂಚು ಎಂದರು. ಪೈಪು ಒಂದೋ ಎರಡೋ ಎಂದು ಅಂಗಡಿಯವನು ನನ್ನ ಕಡೆ ತಿರುಗಿ ಕೇಳಿದ. ನಾನು ಗೋಡೆಗೆ ತೂಗುಹಾಕಿದ್ದ ನಳಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತೆ. ಕೊನೆಗೆ ಎರಡೂ ಅಳತೆಯ ಕೊಳವೆಗಳು ನಮ್ಮ ಜೊತೆ ಬಸ್ಸು ಹತ್ತಿದವು.

ಮನೆಗೆ ಬಂದು ತೊಡಿಸಿ ನೋಡಿದರೆ, ಮಾವನ ಅಳತೆಯದು ಸಣಕಲು ಹುಡುಗನಿಗೆ ಅಜ್ಜನ ಪಾಯಿಜಾಮ ಹಾಕಿದಂತೆ ಜೋಲುತ್ತಿತ್ತು. ಅಪ್ಪನದು ಗುಂಡಿ ಹತ್ತದ ಕೋಟಿನಂತೆ ಬಾಯಿ ಬಿಟ್ಟುಕೊಂಡೇ ಉಳಿಯಿತು, ಉದ್ದಕ್ಕೂ ಸೀಳಿದ ಅಂಚುಗಳು ಕೂಡಲೇ ಇಲ್ಲ. ಚಳಿಗೆ ರಬ್ಬರು ಕುಗ್ಗಿರಬೇಕು ಎಂದು ಮಾವ ಅಪ್ಪನ ಪರವಾಗಿ ವಾದಿಸಿದರು. ದೊಡ್ಡದಿದ್ದರೆ ಗಾಳಿಯಾಡುತ್ತದೆ, ಒಳ್ಳೆಯದೇ ಎಂದು ಅಪ್ಪ ಮಾವನ ಪರವಾಗಿ ವಾದಿಸಿದರು. ಗಾಳಿಯಾಡಬಾರದು ಎಂದೇ ಇದನ್ನೆಲ್ಲ ತಂದದ್ದು ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಮರುದಿನ ಮಧ್ಯಾಹ್ನ ಬೀಗರಿಬ್ಬರೂ ಹೋಳಿಗೆ ಉಂಡು ಪಡಸಾಲೆಯಲ್ಲಿ ಮಲಗಿದ್ದರು. ಅತ್ತೆ ನನ್ನ ರಟ್ಟೆ ಹಿಡಿದು ಮಾಳಿಗೆಗೆ ಎಳೆದುಕೊಂಡು ಹೋದರು.

"ಇವರಿಬ್ಬರೂ ಮರ್ಯಾದಿ ಮುಗಸೂತನಕ ನಾ ತಣ್ಣೀರಾಗ ಜಳಕಾ ಮಾಡಬೇಕೇನು?" ಎಂದರು.

ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಪೈಪಿಗೆ ಸುತ್ತಿದೆವು. ತುದಿ ಕೂಡಿದಲ್ಲಿ ಅತ್ತೆ ಉಗುರಿನಿಂದ ಗೆರೆ ಎಳೆದರು. ಪಟ್ಟಿಯನ್ನು ಬಿಡಿಸಿ, ಅದೇ ಗೆರೆಗೆ ಕೂಡಿಸಿ ಬಳೆಯಂತೆ ಉಂಗುರ ಮಾಡಿದೆವು. ಅಂಟಿಸಲು ಏನೂ ಕೈಗೆ ಸಿಗಲಿಲ್ಲ. ಅತ್ತೆ ನನ್ನ ಹಣೆಯ ಟಿಕಳಿ ಕಿತ್ತು ಅದಕ್ಕೆ ಅಂಟಿಸಿಬಿಟ್ಟರು.

ಕಾಯಿಪಲ್ಲೆ ತರುವ ಚೀಲ ಹಿಡಿದು ರಿಕ್ಷಾದಲ್ಲಿ ಪೇಟೆಗೆ ಹೋದೆವು. ಅಂಗಡಿಯಲ್ಲಿ ಅತ್ತೆ ಒಂದೊಂದೇ ಕೊಳವೆಯ ಬಾಯಿಗೆ ಆ ಉಂಗುರ ತೂರಿಸಿ ನೋಡತೊಡಗಿದರು. ಒಂದರಲ್ಲಿ ಅದು ಸುಕ್ಕಾಗದೆ, ಸಡಿಲವಾಗದೆ ಕೂತಿತು. ಪೈಪನ್ನು ಒಳಗಿನ ತೂತಿನ ಲೆಕ್ಕದಲ್ಲಿ ಕರೆಯುತ್ತಾರೆ, ಈ ಕೊಳವೆಯನ್ನು ಪೈಪಿನ ಹೊರಗಿನ ದಪ್ಪಕ್ಕೆ ಕೊಳ್ಳಬೇಕು, ಸುತ್ತಳತೆಗಲ್ಲ ಎಂದು ಅಂಗಡಿಯವನು ತಿಳಿಸಿ ಹೇಳಿದ. ಅಂದರೆ ಬೀಗರಿಬ್ಬರೂ ಹೇಳಿದ್ದು ಖರೆ, ಇಬ್ಬರೂ ತಂದದ್ದು ತಪ್ಪು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಗೊರಕೆ ಇನ್ನೂ ನಡೆದಿತ್ತು. ನಾನು ತೊಡಿಸುತ್ತ ಹೋದೆ, ಅತ್ತೆ ಸೀಳಿದ ಕಡೆ ಅಂಗಡಿಯಿಂದ ತಂದ ಅಂಟಿನ ಟೇಪು ಹಚ್ಚುತ್ತ ಬಂದರು. ಹಳೆಯ ಎರಡನ್ನೂ ಟಾಕಿಯ ಹಿಂದೆ ಮುಚ್ಚಿಟ್ಟೆವು.

ಮರುದಿನ ಅತ್ತೆ ಬಚ್ಚಲಿನಿಂದ ಹಾಡಿಕೊಳ್ಳುತ್ತ ಹೊರಬಂದರು. ಅದನ್ನು ಕೇಳಿ ಬೀಗರಿಬ್ಬರೂ ಮಾಳಿಗೆಗೆ ಓಡಿದರು. ಪೈಪಿನ ಮೇಲೆ ಕಪ್ಪು ಕೊಳವೆ ಹೊಲಿದಂತೆ ಕೂತಿತ್ತು. ಮಾವ ಅಪ್ಪನನ್ನು ನೋಡಿದರು, ಅಪ್ಪ ಮಾವನನ್ನು ನೋಡಿದರು. ಇಳಿದು ಬಂದ ಮೇಲೆ ಅಪ್ಪ ನನ್ನನ್ನು ಬದಿಗೆ ಕರೆದರು.

"ನಿಮ್ಮ ಮಾವ ಭಾಳ ದೊಡ್ಡ ಮನಷ್ಯಾ ನೋಡವ್ವಾ. ನನ್ನ ತಪ್ಪ ತೋರಸಬಾರದಂತ ಸುಮ್ಮನ ಬ್ಯಾರೇದ ತಂದು ಹಾಕ್ಯಾರ."

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಮಾವ ಬೀಗರ ದೊಡ್ಡತನವನ್ನು ಅತ್ತೆಯ ಮುಂದೆ ಕೊಂಡಾಡುತ್ತಿದ್ದರು. ಅತ್ತೆಗೆ ಕೆಮ್ಮು ಬಂತು. ಒಗ್ಗರಣೆಯ ಘಾಟು ಎಂದರು. ಒಲೆ ಇನ್ನೂ ಹಚ್ಚಿರಲಿಲ್ಲ.

ಅಪ್ಪ ಊರಿಗೆ ಹೋದ ಮೇಲೆ ಅವ್ವನ ಫೋನು ಬಂತು. ಅವರೂ ಸೋಲಾರ್ ಹಾಕಿಸುತ್ತಾರಂತೆ. ಪೈಪು ಅಳೆಯಲು ಬೀಗರೇ ಬರಬೇಕು, ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ಅಪ್ಪ ಹಟ ಹಿಡಿದಿದ್ದರಂತೆ. ಮಾವ ಇಸ್ತ್ರಿ ಮಾಡಿದ ಅಂಗಿ ಹುಡುಕತೊಡಗಿದರು. ಅತ್ತೆ ಆಗಲೇ ತಮ್ಮ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ನಡಿ, ನೀನೂ ತಯಾರಾಗು," ಎಂದರು ನನಗೆ. "ಅಲ್ಲೀ ಅಂಗಡಿ ನಿನಗ ಗೊತ್ತದಾವು."